ಸಾಲು ಎಲ್ಲಿ ಮುರಿಯಬೇಕು? ಗದಗ ಜಿಲ್ಲೆಯ ಡಿಡಿಪಿಐ ಅವರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಉಪನಿರ್ದೇಶಕರೇ,

ನಮಸ್ಕಾರ. ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕೂರಿಸುವ ಕೆಲಸ ಮಾಡುತ್ತೇನೆ. ನೇಕಾರಿಕೆಯ ಹಾಗೆ ಮುದ್ರಣಕ್ಕೂ ಹೆಸರಾದ ಊರು ನಮ್ಮದು, ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಪಾಸಿಂಗ್ ಪ್ಯಾಕೇಜು, ಅಭ್ಯಾಸದ ಹಾಳೆ, ಮಾದರಿ ಪ್ರಶ್ನೆಪತ್ರಿಕೆ ಎಲ್ಲ ನಮ್ಮ ಟೇಬಲ್ಲಿಗೆ ಬರುತ್ತವೆ. ಅವುಗಳಲ್ಲಿ ಏನು ಬರೆದಿರಬೇಕು ಅನ್ನುವುದು ಮೇಷ್ಟ್ರುಗಳಿಗೆ ಬಿಟ್ಟದ್ದು. ನಾನು ಹೇಳುವುದು ಸಾಲು ಕೂರಿಸುವ ಬಗ್ಗೆ ಮಾತ್ರ.

ಈ ವಾಕ್ಯ ನೋಡಿ: ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟೆಯಿಂದ ಹೊರಟ ಕಾಲುವೆಯ ನೀರು ಹರಿಯುವ ನರಗುಂದ, ನವಲಗುಂದದ ಹೊಲಗಳಲ್ಲಿ ರೈತರು ಗೋವಿನಜೋಳ ಬೆಳೆಯುತ್ತಾರೆ.

ತಪ್ಪೇನಿಲ್ಲ. ಆದರೆ ಯಾರು, ಏನು ಮಾಡಿದರು ಅನ್ನುವುದು ಗೊತ್ತಾಗುವುದು ಕಟ್ಟಕಡೆಗೆ. ಅಲ್ಲಿವರೆಗೆ ಅಣೆಕಟ್ಟೆ, ಕಾಲುವೆ, ಹೊಲ ಎಲ್ಲವನ್ನೂ ಹುಡುಗ ತಲೆಯಲ್ಲಿ ಹೊತ್ತುಕೊಂಡೇ ಹೋಗಬೇಕು. ಓದುವಾಗ ಕಣ್ಣು ಸರಾಗವಾಗಿ ಜಾರುವುದಿಲ್ಲ, ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ನಾಲ್ಕಾರು ಅಕ್ಷರ ಹಿಡಿದು, ಮುಂದೆ ಹಾರುತ್ತದೆ. ಯಾವ ಪದ ಯಾವುದರ ಜೊತೆ ಸೇರುತ್ತದೆ ಅನ್ನುವುದನ್ನು ಮನಸ್ಸೇ ಜೋಡಿಸಬೇಕು. ನಮ್ಮ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ. ಜಾಗ ಮುಗಿದಲ್ಲಿ ಸಾಲು ಕತ್ತರಿಸುತ್ತದೆ. ‘ಕಾಲುವೆಯ’ ಮೇಲಿನ ಸಾಲಿನಲ್ಲಿ, ‘ನೀರು’ ಕೆಳಗೆ. ಎರಡೂ ಅಂಚು ನೇರ ಬರಲಿ ಅಂತ ಜಸ್ಟಿಫೈ ಮಾಡಿದರಂತೂ ಕನ್ನಡದ ಉದ್ದುದ್ದ ಪದಗಳ ನಡುವೆ ದೊಡ್ಡ ದೊಡ್ಡ ತೂತು. ನೋಡೋಕೆ ಚೊಕ್ಕ, ಓದೋಕೆ ಕಷ್ಟ.

ಅದೇ ವಾಕ್ಯವನ್ನು ಹೀಗೆ ಕೂರಿಸಬಹುದು:

            ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟೆಯಿಂದ ಹೊರಟ
        ಕಾಲುವೆಯ ನೀರು ಹರಿಯುವ
    ನರಗುಂದ, ನವಲಗುಂದದ ಹೊಲಗಳಲ್ಲಿ
ರೈತರು ಗೋವಿನಜೋಳ ಬೆಳೆಯುತ್ತಾರೆ.

ಒಂದು ಪದವೂ ಬದಲಾಗಿಲ್ಲ. ಮುಖ್ಯ ಮಾತು ಅಂಚಿಗೆ ಬಂತು, ಅದಕ್ಕೆ ಅಂಟಿದ ಮಾತುಗಳು ಒಳಗೆ ಸರಿದವು, ಅಷ್ಟೇ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಲೈವ್ ಇಂಕ್ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಇಂಥದ್ದೊಂದು ಪದ್ಧತಿ ಇದೆ. ವಾಕ್ಯದ ರಚನೆ ನೋಡಿ ಕಂಪ್ಯೂಟರೇ ಸಾಲು ಮುರಿಯುತ್ತದೆ. ಹೀಗೆ ಓದಿದ ಹೈಸ್ಕೂಲು ಮಕ್ಕಳಿಗೆ ಪಾಠ ಹೆಚ್ಚು ಅರ್ಥವಾಯಿತು ಅಂತ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದನ್ನು ಬರೆದವರಲ್ಲಿ ಆ ಪದ್ಧತಿ ಕಂಡುಹಿಡಿದವರೂ ಇದ್ದರು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಜೊತೆಗೆ ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ತರಲಿಕ್ಕೂ ಆಗದು. ಇಂಗ್ಲಿಷಿನಲ್ಲಿ ಮುಖ್ಯ ಮಾತು ಸಾಮಾನ್ಯವಾಗಿ ಮೊದಲೇ ಬರುತ್ತದೆ, ವಿವರ ಆಮೇಲೆ. ಅವರ ಮೆಟ್ಟಿಲು ಅಂಚಿನಿಂದ ಒಳಗೆ ಇಳಿಯುತ್ತದೆ. ನಮ್ಮದು ಒಳಗಿನಿಂದ ಶುರುವಾಗಿ ಅಂಚಿಗೆ ಬರುತ್ತದೆ. ಮಕ್ಕಳಿಗೆ ಇದು ಹಿಡಿಸುತ್ತದೋ ಇಲ್ಲವೋ ಅನ್ನುವುದನ್ನು ಇಲ್ಲೇ ಪರೀಕ್ಷೆ ಮಾಡಿ ನೋಡಬೇಕು.

ಕಿವಿಗಂತೂ ಇದು ನಮಗೆ ಹೊಸದಲ್ಲ. ಕುಮಾರವ್ಯಾಸ ಕೂತು ಭಾರತ ಬರೆದ ಅನ್ನುವ ವೀರನಾರಾಯಣನ ಗುಡಿ ಇರುವ ಊರಿನವರಿಗೆ ಗಮಕ ಅಂದರೇನು ಅಂತ ಹೇಳಬೇಕಾ? ಭಾಮಿನಿ ಷಟ್ಪದಿಯ ಸಾಲು ಪದದ ನಡುವೆಯೇ ಮುಗಿದಿದ್ದರೂ ಒಳ್ಳೆಯ ಗಮಕಿ ಅರ್ಥ ನೋಡಿ ಪದ ಬಿಡಿಸಿ ಹಾಡುತ್ತಾರೆ. ಕೇಳುವವರಿಗೆ ತಿಳಿಯುವುದು ಅದರಿಂದಲೇ.

ಪಠ್ಯಪುಸ್ತಕ ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಅದು ಬೆಂಗಳೂರಿನ ಕೆಲಸ. ಜಿಲ್ಲೆಯಲ್ಲೇ ತಯಾರಾಗುವ ಹಾಳೆಗಳು ನಿಮ್ಮ ಕೈಯಲ್ಲಿವೆ. ಸಮಾಜ ವಿಜ್ಞಾನದ ಒಂದು ಪಾಠ ತೆಗೆದುಕೊಳ್ಳಿ. ಕೆಲವು ಶಾಲೆಗಳಲ್ಲಿ ಎಂಟನೇ ತರಗತಿಯ ಅರ್ಧ ಮಕ್ಕಳಿಗೆ ಮಾಮೂಲಿ ಹಾಳೆ, ಇನ್ನರ್ಧಕ್ಕೆ ಸಾಲು ಮುರಿದ ಹಾಳೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿ. ಇಲ್ಲದಿದ್ದರೆ ಜಾಣ ಮಕ್ಕಳೆಲ್ಲ ಒಂದೇ ಕಡೆ ಸೇರಿಬಿಡಬಹುದು. ಪ್ರಶ್ನೆ ಇಬ್ಬರಿಗೂ ಒಂದೇ. ತಿದ್ದುವ ಶಿಕ್ಷಕರಿಗೆ ಯಾರು ಯಾವ ಹಾಳೆ ಓದಿದರು ಅಂತ ಗೊತ್ತಾಗಬಾರದು.

ಕಾಗದ ಜಾಸ್ತಿ ಬೇಕು, ಸುಳ್ಳು ಹೇಳಲ್ಲ. ಒಂದು ಪುಟದ್ದು ಎರಡು ಪುಟ ಆದೀತು. ಪ್ರೆಸ್ಸಿನವನಿಗೆ ಲಾಭ ಅಂತ ನೀವು ನಗಬಹುದು. ಹಾಗಾಗಿ ಗಣಿತದ ವಾಕ್ಯರೂಪದ ಲೆಕ್ಕ, ಅಪಠಿತ ಗದ್ಯದಂತಹ ಉದ್ದ ವಾಕ್ಯ ಇರುವಲ್ಲಿ ಮಾತ್ರ ಸಾಕು. ಚಿಕ್ಕ ವಾಕ್ಯಗಳನ್ನು ಸುಮ್ನೆ ಒಡೆಯುವುದು ದಂಡ. ವಾಟ್ಸಾಪಿನಲ್ಲಿ ಕಳಿಸುವ ನೋಟ್ಸಿಗೆ ಕಾಗದದ ಮಾತೇ ಇಲ್ಲ, ಆದರೆ ಮೊಬೈಲ್ ಪರದೆ ಕಿರಿದು, ಒಳಸರಿಸಿದ್ದು ಕಲಸಿಹೋಗುತ್ತದೆ. ಪಿಡಿಎಫ್ ಮಾಡಿಯೇ ಕಳಿಸಬೇಕು.

ಒಬ್ಬ ಕನ್ನಡ ಶಿಕ್ಷಕರು ವಾಕ್ಯ ಎಲ್ಲಿ ಒಡೆಯಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟರೆ, ಪುಟ ಕೂರಿಸುವ ಕೆಲಸ ನನ್ನದು. ಈ ಪ್ರಯೋಗದ ಮಟ್ಟಿಗೆ ಅದಕ್ಕೆ ಬಿಲ್ ಹಾಕುವುದಿಲ್ಲ. ಯಾವ ಪಾಠ, ಯಾವ ಶಾಲೆಗಳು ಅನ್ನುವುದನ್ನು ನೀವು ತಿಳಿಸಿ.

ಇಂತಿ,
ಗದಗಿನ ಒಬ್ಬ ಡಿಟಿಪಿ ಆಪರೇಟರ್