ಐಸಿ ಕಿತ್ತೆಸೆಯುವ ಮೊದಲು ಮೀಟರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಗಿಟಾರ್ ಹಿಡಿದವರಿಗೆ ಮಳೆಗಾಲವೇ ಬೆಸುಗೆಯ ಕಾಲ. ಜೂನ್ ಹಿಡಿದರೆ ಹೊರಗೆ ಕಾಲಿಡುವಂತಿಲ್ಲ, ಮಡಿಕೇರಿ ದಸರಾ ವೇದಿಕೆಗೆ ಇನ್ನೂ ಮೂರು ತಿಂಗಳಿದೆ. ಹಾಗಾಗಿ ಎಲ್ಲೋ ಸಿಕ್ಕ ಸರ್ಕ್ಯೂಟ್ ನಕ್ಷೆ ಹಿಡಿದು ಈಕ್ವಲೈಜರ್ ಪೆಡಲ್ (ಗಿಟಾರ್ ಸದ್ದಿನ ಏರು-ತಗ್ಗು ಸ್ವರಗಳನ್ನು ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ) ಕಟ್ಟಲು ಕೂರುವ ಹುಡುಗ ಹುಡುಗಿಯರು ವಿರಾಜಪೇಟೆಯಿಂದ ಸೋಮವಾರಪೇಟೆವರೆಗೂ ಇದ್ದಾರೆ. ಕಟ್ಟಿದ್ದು ಎರಡು ವಾರ ಚೆನ್ನಾಗಿ ಹಾಡಿ ಮೂರನೇ ವಾರ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡತೊಡಗಿದರೆ, ಐಸಿ (ಒಳಗಿನ ಚಿಪ್) ಹೋಯಿತೆಂದು ಹೊಸದನ್ನು ತರಿಸುತ್ತಾರೆ. ಹೊಸದೂ ಸಿಡಿಯುತ್ತದೆ. ಐಸಿ ಪಾಪ, ಏನೂ ಮಾಡಿರುವುದಿಲ್ಲ. ಒಣ ಹವೆಯ ಊರಿನವರು ಬರೆದ ನಕ್ಷೆಯನ್ನು ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್ ನಡುವಿನ ಮಳೆಗಾಲ) ಉಪ್ಪಿನ ಜಾಡಿ ನೀರೊಡೆಯುವ ಊರಿನಲ್ಲಿ ಕಟ್ಟುವಾಗ ಬದಲಿಸಬೇಕಾದ ನಾಲ್ಕಾರು ಸಂಗತಿಗಳಿವೆ. ಅವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಮೊದಲು ನಕ್ಷೆಯ ಮಾತು. ಆರು ಬ್ಯಾಂಡ್‌ಗಳ ಪೆಡಲ್‌ಗೆ (ಬ್ಯಾಂಡ್ ಎಂದರೆ ಸ್ವರಗಳ ಒಂದು ಪಟ್ಟಿ) ಎರಡು ಟಿಎಲ್074 ಐಸಿ ಸಾಕು. ಒಂದೊಂದರಲ್ಲಿ ನಾಲ್ಕು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಘಟಕ), ಒಟ್ಟು ಎಂಟು: ಗಿಟಾರ್‌ಗೆ ಹೊರೆಯಾಗದಂತೆ ಸಿಗ್ನಲ್ ಪಡೆಯುವ ಒಂದು ಬಫರ್, ಎಲ್ಲ ಬ್ಯಾಂಡ್ ಸೇರಿಸುವ ಒಂದು ಮಿಕ್ಸರ್, ಉಳಿದ ಆರೂ ಗೈರೇಟರ್. ಗೈರೇಟರ್ ಎಂದರೆ ಕಾಯಿಲ್‌ನ ವೇಷ ಹಾಕಿದ ಆಪ್-ಆಂಪ್. 100 ಹರ್ಟ್ಸ್ ಬ್ಯಾಂಡ್‌ಗೆ ಸುಮಾರು 7 ಹೆನ್ರಿಯ ಕಾಯಿಲ್ ಬೇಕು. ನಿಜವಾದದ್ದನ್ನು ಸುತ್ತಿದರೆ ಅದೊಂದೇ ಪೆಡಲ್‌ನಷ್ಟು ದಪ್ಪವಾಗುತ್ತದೆ, ಜೊತೆಗೆ ಪಕ್ಕದ ಟ್ರಾನ್ಸ್‌ಫಾರ್ಮರ್‌ನ ಗುಂಯ್ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಗೈರೇಟರ್‌ನಲ್ಲಿ ಆ ಕೆಲಸ ಎರಡು ರೆಸಿಸ್ಟರ್, ಒಂದು ಕೆಪಾಸಿಟರ್‌ನಿಂದ ಮುಗಿಯುತ್ತದೆ.

ಗಿಟಾರ್ ಸಿಗ್ನಲ್ 22 ನ್ಯಾನೋಫ್ಯಾರಡ್ ದಾಟಿ ಮೊದಲ ಐಸಿಯ 3ನೇ ಪಿನ್‌ಗೆ ಬರಲಿ. ಅಲ್ಲಿಂದ ಅರ್ಧ ವೋಲ್ಟೇಜ್‌ಗೆ (ಪೂರೈಕೆ ವೋಲ್ಟೇಜಿನ ನಡುಬಿಂದು) 1 ಮೆಗಾ ಓಮ್ ರೆಸಿಸ್ಟರ್. ಇಲ್ಲಿ 100 ಕೆ (ಕಿಲೋ ಓಮ್) ಹಾಕಿದರೆ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗ) ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ, ಆಮೇಲೆ 3.3 ಕಿಲೋಹರ್ಟ್ಸ್ ಬ್ಯಾಂಡಿನ ಪಾಟ್ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ಮೂರು ಕಾಲಿನ ರೆಸಿಸ್ಟರ್) ಎಷ್ಟು ತಿರುಗಿಸಿದರೂ ಹೋದದ್ದು ಮರಳದು. ಬಫರ್‌ನಿಂದ ಮಿಕ್ಸರ್‌ನ ಪ್ಲಸ್ ಇನ್‌ಪುಟ್‌ಗೆ 10 ಕೆ, ಮಿಕ್ಸರ್‌ನ ಔಟ್‌ಪುಟ್‌ನಿಂದ ಅದರ ಮೈನಸ್ ಇನ್‌ಪುಟ್‌ಗೆ ಇನ್ನೊಂದು 10 ಕೆ, ಅದಕ್ಕೆ ಸಮಾನಾಂತರವಾಗಿ 47 ಪಿಕೋಫ್ಯಾರಡ್. ಆರೂ ಪಾಟ್‌ಗಳ ಒಂದು ತುದಿ ಪ್ಲಸ್‌ಗೆ, ಇನ್ನೊಂದು ತುದಿ ಮೈನಸ್‌ಗೆ. ಪ್ರತಿ ಪಾಟ್‌ನ ನಡುಗಾಲಿನಿಂದ ದೊಡ್ಡ ಕೆಪಾಸಿಟರ್. ಅದರ ಆಚೆ ತುದಿಯಿಂದ ಎರಡು ದಾರಿ: 2.2 ಕೆ ಮೂಲಕ ಗೈರೇಟರ್‌ನ ಔಟ್‌ಪುಟ್‌ಗೆ, ಸಣ್ಣ ಕೆಪಾಸಿಟರ್ ಮೂಲಕ ಅದರ ಪ್ಲಸ್ ಇನ್‌ಪುಟ್‌ಗೆ. ಪ್ಲಸ್‌ನಿಂದ ಅರ್ಧ ವೋಲ್ಟೇಜ್‌ಗೆ 220 ಕೆ. ಮೈನಸ್ ಇನ್‌ಪುಟ್ ಅದೇ ಆಪ್-ಆಂಪ್‌ನ ಔಟ್‌ಪುಟ್‌ಗೆ ನೇರ. ಪಾಟ್ ಪೂರ್ತಿ ಮೈನಸ್ ಕಡೆ ಹೋದಾಗ ಆ ಬ್ಯಾಂಡ್ ಸುಮಾರು 5.5 ಪಟ್ಟು, ಅಂದರೆ 15 ಡೆಸಿಬೆಲ್ ಏರುತ್ತದೆ. ಪ್ಲಸ್ ಕಡೆ ಹೋದಾಗ ಅಷ್ಟೇ ಇಳಿಯುತ್ತದೆ.

ಕೆಪಾಸಿಟರ್ ಜೋಡಿಗಳು ಹೀಗಿರಲಿ, ಮೊದಲು ದೊಡ್ಡದು, ಆಮೇಲೆ ಸಣ್ಣದು, ಎಲ್ಲವೂ ನ್ಯಾನೋಫ್ಯಾರಡ್‌ನಲ್ಲಿ: 330 ಮತ್ತು 15 ಸೇರಿದರೆ 103 ಹರ್ಟ್ಸ್; 150 ಮತ್ತು 8.2 ಸೇರಿದರೆ 206. 100 ಮತ್ತು 3.3 ಸೇರಿದರೆ 398. 47 ಮತ್ತು 1.8 ಸೇರಿದರೆ 786. 22 ಮತ್ತು 1 ಸೇರಿದರೆ 1540. 10 ಮತ್ತು 0.47 ಸೇರಿದರೆ 3340 ಹರ್ಟ್ಸ್ ಆಸುಪಾಸು. ಬೇರೆ ಬೆಲೆ ಹಾಕಿ ನೋಡುವವರು ಎರಡು ರೆಸಿಸ್ಟರ್ ಎರಡು ಕೆಪಾಸಿಟರ್ ನಾಲ್ಕನ್ನೂ ಓಮ್ ಮತ್ತು ಫ್ಯಾರಡ್‌ನಲ್ಲಿ ಗುಣಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿ, 1ನ್ನು ಅದರಿಂದ ಭಾಗಿಸಲಿ. 1.8 ಸಿಗದಿದ್ದರೆ 1.5ರ ಪಕ್ಕಕ್ಕೆ 0.33 ಸಮಾನಾಂತರ ಹಾಕಿದರಾಯಿತು. ಅದೊಂದಕ್ಕಾಗಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಬಸ್ ಹತ್ತಬೇಕಿಲ್ಲ. ಎಲ್ಲವೂ ಪಾಲಿಯೆಸ್ಟರ್ ಫಿಲ್ಮ್ ಆಗಿರಲಿ. ಅಗ್ಗದ ಸೆರಾಮಿಕ್ ಬಿಲ್ಲೆಗಳ ಬೆಲೆ ಬಿಸಿ-ತಂಪಿಗೆ ಜಾರುತ್ತದೆ, ಪೆಡಲ್ ತಟ್ಟಿದರೆ ಟಕ್ ಎಂಬ ಸದ್ದು ಆಂಪ್ಲಿಫೈಯರ್ ಅಂದರೆ ಆಂಪ್‌ನಲ್ಲಿ ಕೇಳುತ್ತದೆ. 470 ಪಿಕೋಫ್ಯಾರಡ್‌ಗೆ ಮಾತ್ರ ಸಿ0ಜಿ ದರ್ಜೆಯ (ಬಿಸಿ-ತಂಪಿಗೆ ಬೆಲೆ ಜಾರದ) ಸೆರಾಮಿಕ್ ನಡೆಯುತ್ತದೆ.

ಬ್ಯಾಂಡ್ ತಪ್ಪು ಜಾಗದಲ್ಲಿ ಕೇಳಿಸಿದರೆ ಬಹುತೇಕ ಸಲ ಕಾರಣ ಬಿಡಿಭಾಗದ ಮೇಲಿನ ಗುರುತು ಓದುವುದರಲ್ಲಿರುತ್ತದೆ. ಕೆಪಾಸಿಟರ್ ಮೇಲಿನ 103 ಎಂದರೆ 10 ನ್ಯಾನೋ, 104 ಎಂದರೆ 100 ನ್ಯಾನೋ, 471 ಎಂದರೆ 470 ಪಿಕೋ. ಐದು ಪಟ್ಟೆಯ 1 ಶೇಕಡಾ ರೆಸಿಸ್ಟರ್‌ನಲ್ಲಿ 2.2 ಕೆ ಎಂದರೆ ಕೆಂಪು, ಕೆಂಪು, ಕಪ್ಪು, ಕಂದು, ಕಂದು. 220 ಕೆ ಎಂದರೆ ನಾಲ್ಕನೆಯದು ಮಾತ್ರ ಕಿತ್ತಳೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಕಂದು, ಕಿತ್ತಳೆ ಒಂದೇ ಥರ ಕಾಣುತ್ತವೆ. ಬೆಸುಗೆಗೆ ಮೊದಲು ಪ್ರತಿಯೊಂದನ್ನೂ ಮೀಟರ್‌ನಲ್ಲಿ ಅಳೆದು ಹಾಕುವುದು ಅರ್ಧ ಗಂಟೆಯ ಕೆಲಸ, ತಪ್ಪು ಹಾಕಿ ಹುಡುಕುವುದು ಎರಡು ಸಂಜೆಯ ಕೆಲಸ.

ಅಂಗಡಿಯವರು ಟಿಎಲ್074 ಇಲ್ಲವೆಂದು ಎಲ್‌ಎಂ324 ಕೊಟ್ಟರೆ ಬೇಡವೆನ್ನಿ. ಪಿನ್‌ಗಳೆಲ್ಲ ಒಂದೇ, ಸಾಕೆಟ್‌ನಲ್ಲಿ ಕೂರುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಸಣ್ಣ ಸದ್ದಿನಲ್ಲಿ ಕ್ರಾಸ್‌ಓವರ್ ವಿರೂಪದ (ಅಲೆ ಸೊನ್ನೆ ದಾಟುವಲ್ಲಿ ಆಗುವ ಒಡಕು) ಮರಳು ಸೇರಿಸುತ್ತದೆ.

ಸ್ಲೈಡರ್ ಬೇಕೇ, ತಿರುಗುವ ಪಾಟ್ ಬೇಕೇ? ಅಂಗಡಿಯ ಪೆಡಲ್‌ಗಳಲ್ಲಿ ಸ್ಲೈಡರ್ ನೋಡಿ ಆಸೆಪಡುವವರು ಬಹಳ. ಕೊಡಗಿನ ಮಟ್ಟಿಗೆ ಅದು ಬೇಡ. ಸ್ಲೈಡರ್‌ನ ಸೀಳು ಆಕಾಶಕ್ಕೆ ಬಾಯಿ ತೆರೆದು ಕೂತಿರುತ್ತದೆ. ತೇವ, ದೂಳು, ಬೂಸ್ಟು ಎಲ್ಲವೂ ನೇರ ಇಂಗಾಲದ ಪಟ್ಟಿಯ ಮೇಲೆ. ಮೇಲಾಗಿ ಅಲ್ಯೂಮಿನಿಯಂನಲ್ಲಿ ನೇರ ಸೀಳು ಅರದಿಂದ ಉಜ್ಜುವ ತಾಳ್ಮೆ ಎಲ್ಲರಿಗಿರುವುದಿಲ್ಲ. 16 ಮಿಲಿಮೀಟರ್‌ನ ತಿರುಗುವ ಬಿ50ಕೆ (50 ಕೆ, ಸಮ ತಿರುವಿನ) ಪಾಟ್ ಮೂರು ಮೂರರಂತೆ ಎರಡು ಸಾಲಿನಲ್ಲಿ 1590ಬಿಬಿ ಎಂಬ ಅಳತೆಯ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರುತ್ತವೆ. 50 ಕೆಯಲ್ಲಿ ಪರಿಣಾಮ ಕೊನೆಯ ಕಾಲು ತಿರುವಿನಲ್ಲೇ ಗುಂಪುಗೂಡುತ್ತದೆ. ಅದು ಕಿರಿಕಿರಿಯಾದರೆ ಬಿ10ಕೆ ಹಾಕಿ, ತಿರುವು ಸಮವಾಗುತ್ತದೆ, ಹಿಸ್ ಸದ್ದು ತುಸು ಏರುತ್ತದೆ. ಪಾಟ್‌ನಿಂದ ಮಿಕ್ಸರ್‌ಗೆ ಹೋಗುವ ಎರಡು ತಂತಿಗಳು ಬಲು ಸೂಕ್ಷ್ಮ, 5 ಸೆಂಟಿಮೀಟರ್ ದಾಟದಿರಲಿ.

ಪೆಟ್ಟಿಗೆ ಲೋಹದ್ದೇ ಆಗಬೇಕು. ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಲ್ಲಿ ಕೈ ಹತ್ತಿರ ತಂದರೂ ಗುಂಯ್ ಎನ್ನುತ್ತದೆ. ಬಿಸ್ಕತ್ ಡಬ್ಬಿ ವಿದ್ಯುತ್ತಿನ ದೃಷ್ಟಿಯಿಂದ ಸರಿ, ಒಂದು ಮಳೆಗಾಲದಲ್ಲಿ ತುಕ್ಕು. ಬಣ್ಣ ಬಳಿದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಜ್ಯಾಕ್ ಕೂರುವ ಜಾಗದ ಒಳಬದಿಯ ಬಣ್ಣ ಕೆರೆಯಿರಿ. ಇಲ್ಲದಿದ್ದರೆ ಪೆಟ್ಟಿಗೆ ಗ್ರೌಂಡ್‌ಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದು) ತಗುಲುವುದೇ ಇಲ್ಲ, ಲೋಹದ್ದಿದ್ದೂ ಪ್ಲಾಸ್ಟಿಕ್‌ನಂತೆ ವರ್ತಿಸುತ್ತದೆ.

ಈಗ ಕರೆಂಟು, ಹೆಚ್ಚಿನ ಜಗಳ ಇಲ್ಲೇ. ಪೆಡಲ್‌ಗಳ ರೂಢಿಯಲ್ಲಿ 9 ವೋಲ್ಟ್ ಪ್ಲಗ್‌ನ ನಡುಗಡ್ಡಿ ಮೈನಸ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್ 12 ವೋಲ್ಟ್, ನಡುಗಡ್ಡಿ ಸಾಮಾನ್ಯವಾಗಿ ಪ್ಲಸ್. ಹಾಗೇ ಚುಚ್ಚಿದರೆ ಎರಡೂ ಐಸಿ ಒಮ್ಮೆಗೇ ಸುಟ್ಟುಹೋಗುತ್ತವೆ. ಸರಣಿಯಲ್ಲಿ ಒಂದು 1ಎನ್5817 ಡಯೋಡ್ ಹಾಕಿ, ಸುಮಾರು 0.3 ವೋಲ್ಟ್ ತಿನ್ನುತ್ತದೆ, ಐಸಿ ಉಳಿಸುತ್ತದೆ. ಅದರ ನಂತರ 100 ಮೈಕ್ರೋಫ್ಯಾರಡ್, ಪ್ರತಿ ಐಸಿಯ ಕಾಲಿನ ಬುಡದಲ್ಲೇ 100 ನ್ಯಾನೋಫ್ಯಾರಡ್. ಅರ್ಧ ವೋಲ್ಟೇಜ್‌ಗೆ ಎರಡು 10 ಕೆ, ನಡುವಿನಿಂದ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್. ಈ 47 ಒಣಗಿದರೆ ಅಥವಾ ಬೆಸುಗೆ ಬಿಟ್ಟರೆ ಬ್ಯಾಂಡ್‌ಗಳು ಒಂದರೊಳಗೊಂದು ಸೇರಿ ಪುಟುಪುಟು ಸದ್ದು ಹುಟ್ಟುತ್ತದೆ.

ನಮ್ಮ ದೇಶದ ಮೇನ್ಸ್ 50 ಹರ್ಟ್ಸ್, ಅಡಾಪ್ಟರ್‌ನ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಪೆಡಲ್‌ನ ಮೊದಲ ಬ್ಯಾಂಡ್ ಕೂತಿರುವುದೂ ಅಲ್ಲೇ. ಹಾಗಾಗಿ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಹಾಕಿ ಆ ಪಾಟ್ ಏರಿಸಿದರೆ ಗುಂಯ್ ಸದ್ದೂ ಐದು ಪಟ್ಟು ಏರುತ್ತದೆ, ಕಟ್ಟಿದವರು ಗೈರೇಟರ್ ಮೇಲೆ ಅನುಮಾನಪಡುತ್ತಾರೆ. ಪರೀಕ್ಷೆ ಸುಲಭ: 9 ವೋಲ್ಟ್ ಬ್ಯಾಟರಿ ಹಾಕಿ. ಸದ್ದು ಹೋದರೆ ಅಡಾಪ್ಟರ್ ತಪ್ಪು. ಹೋಗದಿದ್ದರೆ ಗಿಟಾರ್‌ನ ವಾಲ್ಯೂಮ್ ಸೊನ್ನೆ ಮಾಡಿ. ಆಗ ಹೋದರೆ ಸಿಂಗಲ್ ಕಾಯಿಲ್ ಪಿಕಪ್ ಹೀರಿಕೊಂಡದ್ದು. 12 ವೋಲ್ಟ್ ಅಡಾಪ್ಟರ್ ಮುಂದೆ 7809 ರೆಗ್ಯುಲೇಟರ್ (ವೋಲ್ಟೇಜನ್ನು 9ಕ್ಕೆ ನಿಲ್ಲಿಸುವ ಐಸಿ) ಇಟ್ಟರೆ ಏರಿಳಿತ ಬಹಳಷ್ಟು ಸಾಯುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ ಮನೆಯ ಚೌಕ ಅಲೆಯ ಇನ್ವರ್ಟರ್ ಮೇಲೆ ಆಂಪ್ ಓಡುತ್ತಿದ್ದರೆ ಮಾತ್ರ ಆ ಕರಕರ ಸದ್ದಿಗೆ ಪೆಡಲ್‌ನಲ್ಲಿ ಮದ್ದಿಲ್ಲ. ಎರಡು ಐಸಿ ಸೇರಿ ಸುಮಾರು 11 ಮಿಲಿಆಂಪಿಯರ್, ಎಲ್‌ಇಡಿಗೆ ಇನ್ನೊಂದೂವರೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿ ಮೂವತ್ತು ಗಂಟೆ ದಾಟುತ್ತದೆ, ಆಡಿದ ಮೇಲೆ ಜ್ಯಾಕ್ ಕಿತ್ತಿಟ್ಟರೆ.

ಪೆಡಲ್ ಮಾತೇ ಆಡದಿದ್ದರೆ ಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ ಹಿಡಿದು ಎರಡೂ ಐಸಿಗಳನ್ನು ಅಳೆಯಿರಿ. 4ನೇ ಪಿನ್‌ನಲ್ಲಿ 8.7 ಆಸುಪಾಸು, 11ರಲ್ಲಿ ಸೊನ್ನೆ, 1, 7, 8, 14 ಈ ನಾಲ್ಕರಲ್ಲೂ ಅದರ ಅರ್ಧ. ಒಂದು ಔಟ್‌ಪುಟ್ ಮಾತ್ರ 1 ಅಥವಾ 8 ವೋಲ್ಟ್‌ಗೆ ಅಂಟಿಕೊಂಡಿದ್ದರೆ ಆ ಗೈರೇಟರ್‌ನ 220 ಕೆ ಬೆಸುಗೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಇಲ್ಲೊಂದು ಎಡವುವ ಜಾಗ ಇದೆ: ಮೊದಲ ಐಸಿಯ 3ನೇ ಪಿನ್ ಅಳೆದರೆ 4.3 ಬದಲು 3.9 ತೋರಿಸಬಹುದು. ಅದು ದೋಷವಲ್ಲ. ಮೀಟರ್‌ನದೇ 10 ಮೆಗಾ ಓಮ್ ಅಲ್ಲಿನ 1 ಮೆಗಾವನ್ನು ಕೆಳಗೆಳೆಯುತ್ತದೆ. ಬಫರ್‌ನ ಔಟ್‌ಪುಟ್ 1ನೇ ಪಿನ್ ನೋಡಿ ತೀರ್ಮಾನಿಸಿ.

ವೋಲ್ಟೇಜ್ ಎಲ್ಲ ಸರಿಯಿದ್ದೂ ಸದ್ದಿಲ್ಲವೇ, ಒಂದು ತಂತಿಯ ತುದಿಗೆ 100 ನ್ಯಾನೋಫ್ಯಾರಡ್ ಬೆಸೆದು ಇನ್ನೊಂದು ತುದಿಯನ್ನು ಆಂಪ್‌ಗೆ ಕೊಡಿ. ಆಂಪ್‌ನ ಗ್ರೌಂಡ್ ಪೆಡಲ್‌ನ ಗ್ರೌಂಡ್‌ಗೆ. ಗಿಟಾರ್ ಮೀಟುತ್ತಾ ಇನ್‌ಪುಟ್ ಜ್ಯಾಕ್, 3ನೇ ಪಿನ್, 1ನೇ ಪಿನ್, ಮಿಕ್ಸರ್ ಹೀಗೆ ಮುಂದೆ ಮುಂದೆ ಆ ಕೆಪಾಸಿಟರ್ ಕಾಲಿನಿಂದ ಮುಟ್ಟಿ. ಸದ್ದು ಎಲ್ಲಿ ನಿಲ್ಲುತ್ತದೋ ಅದರ ಹಿಂದಿನ ಬೆಸುಗೆಯೇ ಅಪರಾಧಿ. ಬ್ಯಾಂಡ್ ಏರಿಸಿದರೆ ಇಳಿಯುತ್ತದೆ ಎಂಬ ದೂರಿಗೆ ಪಾಟ್‌ನ ಎರಡು ತುದಿ ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಎಲ್ಲ ಬ್ಯಾಂಡ್ ಏರಿಸಿದಾಗ ಕಿರುಚಿದರೆ ಒಳಬರುವ ಹೊರಹೋಗುವ ತಂತಿಗಳು ಅಂಟಿಕೊಂಡು ಮಲಗಿವೆ. ಬೇರೆ ಮಾಡಿ, ಔಟ್‌ಪುಟ್‌ಗೆ 1 ಕೆ ಸರಣಿಯಲ್ಲಿ ಹಾಕಿ. ಏರಿಸಿದ ಕೂಡಲೇ ಒಡಕು ಬಂದರೆ ಅದು ಕೆಟ್ಟದ್ದಲ್ಲ, ಜಾಗ ಸಾಲದ್ದು: 9 ವೋಲ್ಟ್‌ನಲ್ಲಿ ಟಿಎಲ್074ಗೆ ಆಡಲು ಸಿಗುವುದು ಸುಮಾರು 6 ವೋಲ್ಟ್. ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ. ಮಂಟಪದಲ್ಲೋ ಹೋಮ್‌ಸ್ಟೇ ಜಗಲಿಯಲ್ಲೋ ಅಕೌಸ್ಟಿಕ್ ಗಿಟಾರ್ ಗುಮ್ಮೆಂದು ಹಿಡಿದುಕೊಂಡರೆ ಮೊದಲು ಇಳಿಸಬೇಕಾದ್ದು 100, ಆಮೇಲೆ 200.

ಆ ಸಾಸಿವೆ ಸಿಡಿತಕ್ಕೆ ಬರೋಣ. ನಕ್ಷೆಯಲ್ಲಿ 1 ಮೆಗಾ, 220 ಕೆ ಇರುವ ಕಡೆಗಳಲ್ಲಿ ಹರಿಯುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು) ತೇವ ಹೀರಿ ಅಲ್ಲೊಂದು ಕಳ್ಳದಾರಿ ಮಾಡಿದರೆ ಸಾಕು, ಅರ್ಧ ವೋಲ್ಟೇಜ್ ಅಲುಗಾಡಿ ಚರಚರ ಎನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯ ಡಬ್ಬಿ ಫ್ಲಕ್ಸ್ ಪೇಸ್ಟ್ ಇನ್ನೂ ಅಪಾಯಕಾರಿ. ತಗಡು ಬೆಸೆಯುವ ಆಮ್ಲದ ಬಗೆಯಾಗಿದ್ದರೆ ತಾಮ್ರವನ್ನೇ ಹಸಿರಾಗಿಸುತ್ತದೆ. ರೋಸಿನ್ ತುಂಬಿದ 60/40 (ತವರ-ಸೀಸ) ಬೆಸುಗೆ ತಂತಿ, 25 ವಾಟ್ ಸೋಲ್ಡರಿಂಗ್ ಐರನ್, ಇಷ್ಟರಲ್ಲೇ ಕೆಲಸ ಮುಗಿಸಿ. ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, 60 ವಾಟ್ ಬಲ್ಬಿನ ಕೆಳಗೆ ಒಂದು ರಾತ್ರಿ ಒಣಗಿಸಿ, ತಾಮ್ರದ ಬದಿಗೆ ಅಕ್ರಿಲಿಕ್ ಲ್ಯಾಕರ್ ಸಿಂಪಡಿಸಿ. ಸಾಕೆಟ್, ಪಾಟ್, ಜ್ಯಾಕ್, ಸ್ವಿಚ್‌ಗೆ ಅದು ತಾಗಬಾರದು. ಕುಶಾಲನಗರದ ಒಣ ಬದಿಯಲ್ಲಿ ಇದನ್ನು ಬಿಟ್ಟರೂ ನಡೆದೀತು, ಭಾಗಮಂಡಲದ ಕಡೆ ನಡೆಯದು. ಪಾಟ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇದ್ದರೆ ಕೊಳೆ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಹೆಚ್ಚಿದ್ದರೆ ಮಿಕ್ಸರ್ ಬೆಸುಗೆ ನೋಡಿ.

ಕೊನೆಯದಾಗಿ ಸಂಘಟಕರಿಗೊಂದು ಮಾತು. ಗುಂಯ್ ಸದ್ದು ಹೋಗಲೆಂದು ಆಂಪ್ ಪ್ಲಗ್‌ನ ಮೂರನೇ ಪಿನ್ ಮುರಿಯುವ ಚಾಳಿ ನಮ್ಮ ವೇದಿಕೆಗಳಲ್ಲಿದೆ. ಗಿಟಾರ್‌ನ ತಂತಿಗಳು ಪೆಡಲ್ ಮೂಲಕ ಆ ಪಿನ್‌ಗೇ ಸೇರಿರುತ್ತವೆ. ಆಂಪ್‌ನೊಳಗೆ ಲೈನ್ ತಗುಲಿದರೆ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದವರ ಮೈಯೇ ಅರ್ಥಿಂಗ್ ಆಗುತ್ತದೆ, ಅದೂ ಒದ್ದೆ ಹಲಗೆಯ ಮೇಲೆ. ಮೈಕ್, ಆಂಪ್, ಪೆಡಲ್ ಅಡಾಪ್ಟರ್ ಮೂರನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಕೊಟ್ಟರೆ ಆ ಸದ್ದು ಬಹುಪಾಲು ತಾನಾಗಿ ಇಳಿಯುತ್ತದೆ, ಸಾಲಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್) ಕೂಡ ಇರಲಿ.

— ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ಮಡಿಕೇರಿ