ಬಾದಾಮಿಯ ಲಾಡ್ಜುಗಳು ಮೆಟ್ಟಿಲಿನ ಲೆಕ್ಕ ಹೇಳಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಾನು, ನಮ್ಮಮ್ಮ ಬಾದಾಮಿಯಲ್ಲಿ ಎರಡು ರಾತ್ರಿ ಉಳಿದಿದ್ದೆವು. ಬನಶಂಕರಿ ನಮ್ಮ ಮನೆದೇವರು. ಅಮ್ಮನಿಗೆ ಈಗ 74, ಎರಡೂ ಮಂಡಿ ನೋವು. ಹಾಗಾಗಿ ತುಮಕೂರಿನಿಂದ ಹೊರಡುವ ಮೊದಲೇ ಲಿಫ್ಟ್ ಇರುವ ಲಾಡ್ಜ್ ಹುಡುಕಿ ಮೊಬೈಲಿನಲ್ಲಿ ಬುಕ್ ಮಾಡಿದ್ದೆ. ಫೋನ್ ಮಾಡಿ ಕೇಳಿದಾಗಲೂ ‘ಐತ್ರಿ, ಬರ್ರಿ’ ಅಂದರು.

ಹೋಗಿ ನೋಡಿದರೆ ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಪೇರಿಸಿಟ್ಟಿದ್ದರು. ಕುರ್ಚಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಕೆಳಗಿನ ರೂಮುಗಳೆಲ್ಲ ಭರ್ತಿಯಾಗಿದ್ದವು. ನಮ್ಮದು ಎರಡನೇ ಮಹಡಿ, 38 ಮೆಟ್ಟಿಲು. ಅಮ್ಮ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ನಿಂತು ಹತ್ತಿದರು. ರೂಮು ಚೊಕ್ಕಟವಾಗಿತ್ತು, ಬಿಸಿನೀರೂ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗ್ಗೆ ಏಳುವಷ್ಟರಲ್ಲಿ ಅಮ್ಮನ ಬಲ ಮಂಡಿ ಊದಿಕೊಂಡಿತ್ತು.

ಅವತ್ತು ಗುಹೆ ನೋಡುವ ದಿನ. ಮೊದಲನೇ ಗುಹೆ ತಲುಪಿದ ಮೇಲೆ ಅಮ್ಮ ಕೂತುಬಿಟ್ಟರು. ಅಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನಲ್ಲ, ಬೆರಳು ಮಡಚುತ್ತಾ ಕೈಗಳನ್ನು ಎರಡು ಸಲ ಎಣಿಸಿದರು. ‘ನೀನು ಹೋಗಿ ಬಾ’ ಅಂದರು. ಮೂರನೇ ಗುಹೆಗೆ ನಾನೊಬ್ಬಳೇ ಹೋದೆ. 578ರಲ್ಲಿ ಚಾಲುಕ್ಯರ ಮಂಗಲೇಶ ಮಾಡಿಸಿದ ಗುಹೆ ಅದು. ಅಲ್ಲಿನ ಕನ್ನಡ ಶಾಸನ ಅದನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಕಲ್ಲಿನ ಮನೆ, ಎಷ್ಟು ಚೆಂದದ ಮಾತು ಅಲ್ವಾ! ಆದಿಶೇಷನ ಮೇಲೆ ಕೂತ ವಿಷ್ಣುವನ್ನು ಅಮ್ಮ ನೋಡಿದ್ದು ನನ್ನ ಫೋನಿನ ಫೋಟೋದಲ್ಲಿ. ಹಿಂದಿನ ರಾತ್ರಿ ಆ 38 ಮೆಟ್ಟಿಲು ಹತ್ತದೇ ಇದ್ದಿದ್ದರೆ ನಿಧಾನಕ್ಕಾದರೂ ಅಲ್ಲಿಗೆ ಬರುತ್ತಿದ್ದರು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ನಮ್ಮನ್ನು ಕಾಪಾಡಿದ್ದು ಆಟೋದವರು. ‘ಅಮ್ಮಾರ, ನಾಳೆ ಪಟ್ಟದಕಲ್ಲಿಗೆ ಹೋಗೂಣ್ರಿ, ಅಲ್ಲಿ ಗುಡ್ಡ ಇಲ್ಲ’ ಅಂದರು. ನಿಜ, ಅಲ್ಲಿ ಗುಡಿಗಳೆಲ್ಲ ಹೊಳೆ ಪಕ್ಕದ ಸಮನೆಲದಲ್ಲಿವೆ. ಹುಲ್ಲುಹಾಸಿನ ನಡುವೆ ಅಮ್ಮ ಒಂದೊಂದೇ ಗುಡಿ ನೋಡುತ್ತಾ ನಡೆದರು. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ. ಒಳಗೆ ಒಂದು ಕಂಬದ ಮುಂದೆ ಅಮ್ಮ ನಿಂತೇಬಿಟ್ಟರು. ಸೀತೆಯನ್ನು ಹೊತ್ತೊಯ್ಯುವ ರಾವಣನ ಮೇಲೆ ಜಟಾಯು ಎರಗುವ ಕೆತ್ತನೆ. ಯಾರೂ ಹೇಳಿಕೊಡದೆ ತಾವೇ ಗುರುತು ಹಿಡಿದು ನನಗೆ ಕಥೆ ಹೇಳಿದರು, ಸಣ್ಣವಳಿದ್ದಾಗ ಹೇಳುತ್ತಿದ್ದ ಹಾಗೆಯೇ. ಬರುವಾಗ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದೆವು.

ಬಾದಾಮಿಗೆ ಮನೆದೇವರ ದರ್ಶನಕ್ಕೆಂದು ವಯಸ್ಸಾದವರು ಜಾಸ್ತಿ ಬರುತ್ತಾರೆ. ಆದ್ದರಿಂದ ಲಾಡ್ಜಿನವರಲ್ಲಿ ಒಂದು ಕೋರಿಕೆ. ಲಿಫ್ಟ್ ಕೆಟ್ಟಿದ್ದರೆ ಕೆಟ್ಟಿದೆ ಅಂತಲೇ ಹೇಳಿ. ಕೆಳಗಿನ ರೂಮು ಎಷ್ಟಿವೆ, ಕಮೋಡ್ ಇದೆಯಾ, ಮೆಟ್ಟಿಲು ಎಷ್ಟು ಎಂದು ಬುಕಿಂಗ್ ಪುಟದಲ್ಲೇ ಬರೆಯಿರಿ. ಮಂಡಿ ನೋವಿನವರಿಗೆಂದು ಕೆಳಗೆ ಎರಡು ರೂಮು ಕೊನೆಯವರೆಗೂ ಉಳಿಸಿಕೊಳ್ಳಿ. ಇಲ್ಲ ಎಂದು ಮೊದಲೇ ಗೊತ್ತಾದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ.

ಪ್ರವಾಸೋದ್ಯಮ ಇಲಾಖೆಯೂ ಒಂದು ಸಹಾಯ ಮಾಡಬಹುದು. ಬಸ್ ಸ್ಟ್ಯಾಂಡಿನಲ್ಲಿ, ಲಾಡ್ಜುಗಳ ಕೌಂಟರಿನಲ್ಲಿ ಕನ್ನಡದ ಒಂದು ಬೋರ್ಡು ಸಾಕು. ಗುಹೆಗಳಿಗೆ ಹತ್ತಬೇಕು. ಐಹೊಳೆಯ ಮೇಗುಟಿ ಗುಡಿಗೂ ಗುಡ್ಡ ಹತ್ತಬೇಕು, ಕವಿ ರವಿಕೀರ್ತಿಯ 634ರ ಶಾಸನ ಇರುವುದು ಅಲ್ಲೇ. ಪಟ್ಟದಕಲ್ಲು ಸಮತಟ್ಟು. ಇಷ್ಟು ತಿಳಿದರೆ ಯಾವ ದಿನ ಎಲ್ಲಿಗೆ ಹೋಗಬೇಕು ಎಂದು ಮನೆಯವರೇ ಯೋಚಿಸಿಕೊಳ್ಳುತ್ತಾರೆ.

ಬನದ ಹುಣ್ಣಿಮೆ ಜಾತ್ರೆಗೆ ಮತ್ತೆ ಹೋಗೋಣ ಎನ್ನುತ್ತಿದ್ದಾರೆ ಅಮ್ಮ. ಈ ಸಲ ಕೆಳಗಿನ ರೂಮಿಗೆ ಈಗಿನಿಂದಲೇ ಫೋನ್ ಮಾಡುತ್ತಿದ್ದೇನೆ.

— ಓದುಗಿ, ತುಮಕೂರು