ನಾವು ಹೆಸರು ಕೇಳದೇ ಬಂದ ಆ ತಾತನಿಗೆ

ಮೂರು ದಿನ ಬ್ಯಾಗ್ ಹೊತ್ತು, ಮಕ್ಕಳ ಸಮೇತ ಕೊಡಗಿನ ಬೆಟ್ಟ ಸುತ್ತಿದೆವು. ಎರಡನೇ ದಿನ ಕಕ್ಕಬ್ಬೆಯ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್ ಹತ್ತುವಾಗ ನೀವು ಎದುರಾದಿರಿ. "ಮುಂದೆ ಆನೆ ಇದೆ, ಸುಮ್ನೆ ಕೂತ್ಕೊಳ್ಳಿ" ಎಂದಿರಿ. ನನಗೇನೂ ಕಾಣಲಿಲ್ಲ. ನೀವು ಲದ್ದಿ ತೋರಿಸಿದಿರಿ, ಇನ್ನೂ ಹಬೆಯಾಡುತ್ತಿತ್ತು!

ಮುಕ್ಕಾಲು ಗಂಟೆ ನಮ್ಮ ಜೊತೆಗೇ ಕೂತಿರಿ. ಮಗಳ ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕಿದಿರಿ. ಮರದ ಮೇಲಿನ ಕೆಂದಳಿಲು ತೋರಿಸಿ ಅವಳ ಅಳು ನಿಲ್ಲಿಸಿದಿರಿ. ಆಮೇಲೆ ಕೊಂಬೆ ಮುರಿಯುವ ಸದ್ದು. ಮರಿಯ ಜೊತೆ ಮೂರು ಆನೆಗಳು ಬೆಟ್ಟದ ಕಣಿವೆಯ ದಟ್ಟ ಶೋಲಾ ಕಾಡಿಗೆ ಇಳಿದವು.

ದುಡ್ಡು ಕೊಡಲು ಹೋದರೆ ಬೈದಿರಿ. 1748 ಮೀಟರ್ ಎತ್ತರದ ತುದಿಯಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ ಬಿಡಿ. ಮಗಳು ಮಾತ್ರ ಇವತ್ತಿಗೂ ಅಳಿಲಿನ ತಾತ ಎಲ್ಲಿ ಅಂತ ಕೇಳುತ್ತಾಳೆ. ತುಂಬಾ ಥ್ಯಾಂಕ್ಸ್, ತಾತ.